ಹರಿಹರದ ತನಕ ಕಳಿಸಿಕೊಡುವ ಮಾವ

ನಾನು ನಿಂತಿದ್ದು ಹರಿಹರ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ, ಕುಡಿಯುವ ನೀರಿನ ನಲ್ಲಿಗೂ ಎರಡನೆಯ ಕಲ್ಲುಬೆಂಚಿಗೂ ನಡುವೆ. ಚೀನಾ ಯುದ್ಧ ನಿಂತ ಮೇಲಿನ ಮೂರನೆಯ ಸೋಮವಾರ. ಸ್ಟೇಷನ್ನಿನ ಗಡಿಯಾರದಲ್ಲಿ ಒಂಬತ್ತು ಗಂಟೆ ಹತ್ತು ನಿಮಿಷ. ಆ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು, ಆದ್ದರಿಂದ ಒಂಬತ್ತೂ ಆರು ಎಂದು ಇಟ್ಟುಕೊಳ್ಳಿ. ನನ್ನ ಕೈಯಲ್ಲಿ ಒಂದು ಹಿತ್ತಾಳೆಯ ತಂಬಿಗೆ, ಅದರ ತುಂಬ ತುಂಗಭದ್ರೆಯ ನೀರು. ಪಕ್ಕದಲ್ಲೇ ನಲ್ಲಿ ಧಾರಾಳವಾಗಿ ಸುರಿಯುತ್ತಿರುವಾಗ ಹೊಳೆಯ ನೀರನ್ನು ಹೊತ್ತು ತಂದು ನಿಂತ ಇಪ್ಪತ್ನಾಲ್ಕು ವರ್ಷದ ಗಣಿತದ ಮೇಷ್ಟ್ರನ್ನು ಕಂಡು ಜನ ಏನೆಂದುಕೊಂಡರೋ, ನನಗೆ ತಿಳಿಯದು. ಕಂಡದ್ದನ್ನಷ್ಟೇ ಬರೆಯುತ್ತೇನೆ. ಉತ್ಪ್ರೇಕ್ಷೆ ನನ್ನ ಇಲಾಖೆಯಲ್ಲ, ನಮ್ಮ ಮಾವನದು.

ಈ ತಂಬಿಗೆಗೂ ಆ ಮಾವನೇ ಕಾರಣ. ನನ್ನ ಸೋದರಮಾವ, ದಾವಣಗೆರೆಯ ಒಂದು ಖಾಸಗಿ ಹೈಸ್ಕೂಲಿನ ಹೆಡ್ಮಾಸ್ಟರು. ಅವರ ಮನೆಯಲ್ಲೇ ಇದ್ದು, ಅವರ ಶಾಲೆಯಲ್ಲೇ ಪಾಠ ಹೇಳುತ್ತಿದ್ದವನು ನಾನು. ಅವರ ಮನೆಗೆ ಅತಿಥಿಯಾಗಿ ಹೋಗುವುದು ಬಹಳ ಸುಲಭ. ಅಲ್ಲಿಂದ ಹೊರಡುವುದಿದೆಯಲ್ಲ, ಅದಕ್ಕೆ ಎದೆಗಾರಿಕೆ ಬೇಕು!

ಯಾಕೆಂದರೆ ಮಾವ ಯಾರನ್ನೂ ಬಾಗಿಲಲ್ಲಿ ನಿಂತು ಬೀಳ್ಕೊಟ್ಟವರಲ್ಲ. ಅತಿಥಿಯ ಜೊತೆ ತಾವೂ ರೈಲು ಹತ್ತಿ ಹರಿಹರಕ್ಕೆ ಹೋಗಬೇಕು. ಅಲ್ಲಿ ಅವನನ್ನು ಇಳಿಸಿ, ಜಟಕಾದಲ್ಲಿ ಹೊಳೆಯ ದಂಡೆಗೆ ಒಯ್ದು, ಒಂದು ಬೊಗಸೆ ನೀರು ಕುಡಿಸಬೇಕು. ಅತಿಥಿ "ಬರ್ತೀನಿ" ಎನ್ನಬೇಕು. ಆಮೇಲೆ ಅವನು ಹೊಳೆ ದಾಟಬೇಕು. ಮಾವ ಮಾತ್ರ ಈ ದಂಡೆಯಲ್ಲೇ ನಿಂತು, ಅವನು ಕಣ್ಮರೆಯಾಗುವವರೆಗೆ ಹೆಗಲ ಮೇಲಿನ ವಲ್ಲಿಯನ್ನು ಬೀಸಬೇಕು. ತಾವೂ ಸೇತುವೆ ದಾಟಿಬಿಟ್ಟರೆ ಕಳಿಸಿಕೊಟ್ಟಂತಾಗದು, ಜೊತೆಯಲ್ಲಿ ಹೋದಂತಾಗುತ್ತದೆ ಎಂದು ಅವರ ವಾದ.

"ಇಷ್ಟೆಲ್ಲ ಯಾಕ ಮಾವ?" ಎಂದು ನಾನೊಮ್ಮೆ ಕೇಳಿದ್ದೆ.

"ಮನೆಗೆ ಬಂದೋರು ತಾವಾಗೇ ಎದ್ದು ಹೋಗಬಾರದೋ. ನಾವು ಕಳಿಸಿಕೊಡಬೇಕು. ಇಲ್ಲಾಂದ್ರೆ ಅದು ಓಡಿ ಹೋದಂಗೆ, ಇಲ್ಲಾ ಓಡಿಸಿದಂಗೆ."

ಹುಬ್ಬಳ್ಳಿ ಕಡೆಗೆ ಹೋಗುವವರಿಗೆ ಇದು ಹೇಗೋ ನಡೆಯುತ್ತಿತ್ತು. ಹರಿಹರ ಅವರ ದಾರಿಯಲ್ಲೇ ಸಿಗುತ್ತದೆ. ಬೆಂಗಳೂರಿಗೆ ಹೋಗುವವರ ಗತಿ? ಒಮ್ಮೆ ಶಾಲೆಯ ತಪಾಸಣೆಗೆ ಬೆಂಗಳೂರಿನಿಂದ ಒಬ್ಬ ಇನ್‌ಸ್ಪೆಕ್ಟರು ಬಂದರು. ಹೊರಡುವ ದಿನ ಮಾವ ಅವರನ್ನು ಬೆಂಗಳೂರಿಗೆ ಪೂರ್ತಿ ಬೆನ್ನು ಹಾಕಿದ ರೈಲಿನಲ್ಲಿ ಕೂರಿಸಿದರು. ರೈಲು ಹೊರಟ ಮೇಲೆ ಇನ್‌ಸ್ಪೆಕ್ಟರಿಗೆ ಅರಿವಾಯಿತು. ಹರಿಹರದಲ್ಲಿ ನೀರು ಕುಡಿದರು. "ಬರ್ತೀನಿ" ಎಂದರು. ಆದರೆ ಹೊಳೆ ದಾಟುವುದು ಹೇಗೆ? ಅವರ ಊರು ಈಚೆ ದಡಕ್ಕಿದೆ!

"ಅದಕ್ಕೇನು ಸಾಹೇಬ್ರೇ? ಸೇತುವೆ ಮ್ಯಾಲೆ ನಡಕೊಂಡು ಆ ದಡ ಮುಟ್ಟಿ ಬಂದುಬಿಡ್ರಿ," ಎಂದರು ಮಾವ.

ಟೈ ಕಟ್ಟಿದ ಆ ದೊಡ್ಡ ಮನುಷ್ಯರು ಮಧ್ಯಾಹ್ನದ ಬಿಸಿಲಲ್ಲಿ ಸೇತುವೆಯ ಉದ್ದಕ್ಕೂ ಒಬ್ಬರೇ ನಡೆದರು. ಮಾವ ವಲ್ಲಿ ಬೀಸಿದರು. ಇನ್‌ಸ್ಪೆಕ್ಟರು ಆ ದಡ ಮುಟ್ಟಿ, ಬೆವರು ಒರೆಸಿಕೊಳ್ಳುತ್ತ ತಿರುಗಿ ಬಂದರು. ಬಂದವರನ್ನು ಕಂಡದ್ದೇ ಮಾವನ ಮುಖ ಅರಳಿತು.

"ಬರ್ರಿ ಬರ್ರಿ! ಯಾವಾಗ ಬಂದ್ರಿ? ಊಟ ಮಾಡ್ಕೊಂಡೇ ಹೋಗಬೇಕು!"

ಹೊಳೆಯಾಚೆಯಿಂದ ಬಂದವರು ಹೊಸ ಅತಿಥಿಗಳಲ್ಲವೇ? ಇನ್‌ಸ್ಪೆಕ್ಟರು ಮತ್ತೆ ಒಂದು ದಿನ ಉಳಿದರು. ನಮ್ಮ ಶಾಲೆಗೆ ಅವರು ಮತ್ತೆಂದೂ ತಪಾಸಣೆಗೆ ಬರಲಿಲ್ಲ. ವರದಿ ಮಾತ್ರ ವರ್ಷ ವರ್ಷವೂ ಬಹಳ ಚೆನ್ನಾಗಿ ಬರುತ್ತಿತ್ತು.

ಇಂಥ ಮಾವನಿಗೆ ಯುದ್ಧಕ್ಕೆ ಮೂರು ವರ್ಷ ಮೊದಲು ಒಂದು ಹುಕಿ ಬಂತು. ತಮ್ಮ ಶಾಲೆಯಲ್ಲಿ ಚೀನೀ ಭಾಷೆಯನ್ನೂ ಅರಬ್ಬಿಯನ್ನೂ ಕಲಿಸಬೇಕು! ಅರಳೆ ಹಿಂಜುವ ಮಿಲ್ಲುಗಳ ಊರಿನಲ್ಲಿ ಈ ಎರಡು ಭಾಷೆಗಳು ಯಾರಿಗೆ ಬೇಕಾಗಿದ್ದವು? ಆಡಳಿತ ಮಂಡಳಿಯವರು ಇದನ್ನೇ ಕೇಳಿದರು. ಮಾವನ ಉತ್ತರಕ್ಕೆ ನಾನೇ ಸಾಕ್ಷಿ. ಆಗ ನಾನು ಬಾಗಿಲ ಎಡಗಡೆ ನಿಂತಿದ್ದೆ.

"ನಮ್ಮ ಶಾಲೇಲಿ ನೆಟ್ಟಗಿರೋ ಬೋರ್ಡು ಒಂದೇ ಐತೆ. ಕನ್ನಡ ಎಡಗಡೆಯಿಂದ ಬರೀತೀವಿ. ಅರಬ್ಬಿ ಬಲಗಡೆಯಿಂದ ಬರೀತಾರಂತೆ. ಚೀನಾದ್ದು ಮ್ಯಾಲಿಂದ ಕೆಳಗೆ. ಮೂವರೂ ಒಟ್ಟಿಗೆ ಬರೆದ್ರೆ ಬೋರ್ಡಿನ ಒಂದು ಮೂಲೇನೂ ದಂಡ ಆಗಂಗಿಲ್ಲ ನೋಡ್ರಿ!"

ಇಂಥ ತರ್ಕಕ್ಕೆ ಎದುರು ಹೇಳುವವರು ಯಾರು? ಮಾವ ಎಲ್ಲೆಲ್ಲಿಗೋ ಕಾಗದ ಬರೆದರು. ಕೊನೆಗೆ ಕಲ್ಕತ್ತೆಯ ಒಂದು ಚೀನೀ ಶಾಲೆ ಒಪ್ಪಿತು. ಅವರ ಮೇಷ್ಟ್ರೊಬ್ಬರು ಒಂದು ವರ್ಷ ನಮ್ಮಲ್ಲಿ, ನಮ್ಮ ಡ್ರಿಲ್ ಮಾಸ್ತರರು ಒಂದು ವರ್ಷ ಅಲ್ಲಿ. ಅರಬ್ಬಿ ಮೇಷ್ಟ್ರು ಈಜಿಪ್ಟಿನಿಂದ ಬರುವುದೆಂದಾಯಿತು. ಅವರಿಗೆ ಬದಲಾಗಿ ತಾವೇ ಹೋಗುವುದಾಗಿ ಹೇಳಿ ಮಾವ ಟ್ರಂಕು ಹೊರತೆಗೆದರು. ಅತ್ತೆ ಬೀಗದ ಕೈಯನ್ನು ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟರು. ಹೀಗೆ ಈಜಿಪ್ಟು ಉಳಿಯಿತು.

ಇಬ್ಬರಿಗೂ ಮಾವನ ಮನೆಯಲ್ಲೇ ಬಿಡಾರ. ಬರುವವರಿಗೆ ತಮ್ಮ ಊರು ಬಿಟ್ಟು ಬಂದೆವೆಂಬ ಕೊರಗು ಇರಬಾರದು ಎಂದು ಮಾವ ವಾರ ಮೊದಲೇ ಸಿದ್ಧತೆ ನಡೆಸಿದರು. ಅರಬ್ಬಿ ಮೇಷ್ಟ್ರಿಗಾಗಿ ಹರಿಹರದ ಹೊಳೆಯಿಂದ ಎರಡು ಗಾಡಿ ಉಸುಕು ತರಿಸಿ ಅಂಗಳದ ತುಂಬ ಹರಡಿಸಿದರು. ಬಂದವರ ಹೆಸರು ಫರೀದ್. ನೀಟಾಗಿ ಗಡ್ಡ ಹೆರೆದು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ ಮನುಷ್ಯ. ಅಂಗಳದಲ್ಲಿ ಅವರ ಬೂಟು ಗೇಣುದ್ದ ಹೂತುಕೊಂಡಿತು. ನನ್ನನ್ನು ಪಕ್ಕಕ್ಕೆ ಕರೆದು, ತಾವು ಹುಟ್ಟಿ ಬೆಳೆದದ್ದು ಸಮುದ್ರದ ದಂಡೆಯ ದೊಡ್ಡ ಪಟ್ಟಣದಲ್ಲಿ, ಮರುಭೂಮಿಯಲ್ಲಿ ವಾಸ ಮಾಡುತ್ತಿರುವುದು ಇದೇ ಮೊದಲು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು.

ಅತ್ತೆಗೆ ಅಷ್ಟು ಮೆಲ್ಲಗೆ ಹೇಳುವ ಅಭ್ಯಾಸವಿರಲಿಲ್ಲ. "ಏನ್ರೀ, ರೊಟ್ಟಿಯೊಳಗೆ ಉಸುಕು, ಹಾಸಿಗೆಯೊಳಗೆ ಉಸುಕು! ನಾಳೆ ಒಂಟೆ ಬರೋದಿದ್ರೆ ಈಗಲೇ ಹೇಳಿಬಿಡ್ರಿ, ನಾನು ತವರಿಗೆ ಹೋಗ್ತೀನಿ!"

"ಹೋಗೋದಿದ್ರೆ ಹೇಳು, ಹರಿಹರದ ತನಕ ಬರ್ತೀನಿ," ಎಂದರು ಮಾವ.

ಚೀನೀ ಮೇಷ್ಟ್ರ ಹೆಸರು ವಾಂಗ್. ತೆಳ್ಳಗೆ, ಮೃದುವಾಗಿ ಮಾತಾಡುವ ಮನುಷ್ಯ. ಚೀನೀಯರು ಕಡ್ಡಿಯಲ್ಲಿ ಉಣ್ಣುತ್ತಾರೆಂದು ಯಾರಿಂದಲೋ ಕೇಳಿದ್ದ ಮಾವ, ಬಡಗಿಯಿಂದ ಬೇವಿನ ಮರದ ಎರಡು ಕಡ್ಡಿ ಕೆತ್ತಿಸಿ ಮೊದಲ ಊಟದಲ್ಲೇ ಭಕ್ತಿಯಿಂದ ತಟ್ಟೆಯ ಪಕ್ಕ ಇಟ್ಟರು. ಅಂದು ಜೋಳದ ರೊಟ್ಟಿ, ಎಣ್ಣೆಗಾಯಿ. ಕಡ್ಡಿಯಲ್ಲಿ ರೊಟ್ಟಿ ಮುರಿಯುವುದನ್ನು ನೀವು ಕಂಡಿದ್ದೀರಾ? ನಾನು ಎರಡು ತಿಂಗಳು ಕಂಡೆ. ಒಂದು ಊಟಕ್ಕೆ ಐವತ್ತು ನಿಮಿಷ. ಮಾವ ಎದುರಿಗೆ ಕೂತು, "ನೋಡು, ಎಂಥಾ ಶಿಸ್ತು!" ಎನ್ನುತ್ತಿದ್ದರು. ವಾಂಗ್ ಮೇಷ್ಟ್ರು ದಿನದಿಂದ ದಿನಕ್ಕೆ ಇನ್ನಷ್ಟು ತೆಳ್ಳಗಾದರು.

ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ ಮಾವ ಮತ್ತು ನಾನು ಮಂಡಕ್ಕಿ ಅಂಗಡಿಗೆ ಹೋದೆವು. ಒಳಗೆ ಮೂಲೆಯಲ್ಲಿ ವಾಂಗ್ ಮೇಷ್ಟ್ರು ಕೂತಿದ್ದರು. ಎಡಗೈಯಲ್ಲಿ ಮೆಣಸಿನಕಾಯಿ ಬಜ್ಜಿ. ಬಲಗೈಯಲ್ಲಿ ಮುಷ್ಟಿ ತುಂಬ ಮಂಡಕ್ಕಿ. ಮಾವನನ್ನು ಕಂಡದ್ದೇ ಮುಷ್ಟಿ ಬಾಯಿಯ ಹತ್ತಿರ ನಿಂತುಹೋಯಿತು. ಆಮೇಲೆ ಎಲ್ಲ ಹೊರಬಂತು. ಅವರು ಹುಟ್ಟಿದ್ದು ಕಲ್ಕತ್ತೆಯಲ್ಲಿ. ತಂದೆ ಅಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು. ಚೀನಾವನ್ನು ಅವರು ನಕಾಶೆಯಲ್ಲಿ ಬಿಟ್ಟರೆ ನೋಡಿದವರೇ ಅಲ್ಲ. ಮನೆಯಲ್ಲಿ ಅನ್ನವನ್ನು ಕಡ್ಡಿಯಲ್ಲಿ ಉಣ್ಣುವುದು ನಿಜ. ರೊಟ್ಟಿಯನ್ನು ಮಾತ್ರ ಕಲ್ಕತ್ತೆಯ ಎಲ್ಲರಂತೆ ಅವರೂ ಕೈಯಲ್ಲೇ ತಿನ್ನುತ್ತಿದ್ದರು. ಅಷ್ಟು ಪ್ರೀತಿಯಿಂದ ಕೆತ್ತಿಸಿ ಇಟ್ಟ ಕಡ್ಡಿಯನ್ನು ಬೇಡ ಎನ್ನುವುದು ಹೇಗೆ ಎಂದು ಸುಮ್ಮನಿದ್ದರು.

ಮಾವ ಅಂಗಡಿಯವನ ಕಡೆ ತಿರುಗಿ, "ಮೇಷ್ಟ್ರಿಗೆ ಇನ್ನೊಂದು ಪ್ಲೇಟು ಮೆಣಸಿನಕಾಯಿ ಕೊಡಪ್ಪ. ಎರಡು ತಿಂಗಳಿಂದ ಹಸಿದಾರೆ," ಎಂದರು. ವಾಂಗ್ ಮೇಷ್ಟ್ರು ಆ ಕಡ್ಡಿಗಳನ್ನು ಎಸೆಯಲಿಲ್ಲ. ಪೆನ್ನಿನ ಜೊತೆ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು, ಬೋರ್ಡಿನ ಮೇಲೆ ಅಕ್ಷರ ತೋರಿಸಲು.

ಬೋರ್ಡು ಎಂದಾಗ ನೆನಪಾಯಿತು. ಮಾವ ವೇಳಾಪಟ್ಟಿಯನ್ನು ನಿಜವಾಗಿಯೂ ಹಾಗೇ ಹಾಕಿದ್ದರು! ಎಡಗಡೆಯಿಂದ ಕನ್ನಡ ಪಂಡಿತರು, ಬಲಗಡೆಯಿಂದ ಫರೀದ್ ಮೇಷ್ಟ್ರು, ನಡುವೆ ಸ್ಟೂಲು ಹತ್ತಿ ಮೇಲಿನಿಂದ ಕೆಳಕ್ಕೆ ವಾಂಗ್ ಮೇಷ್ಟ್ರು. ಹದಿನೈದನೆಯ ನಿಮಿಷಕ್ಕೆ ಮೂವರ ಮೊಣಕೈಗಳೂ ಒಂದೇ ಕಡೆ ಸೇರುತ್ತಿದ್ದವು. ಪಂಡಿತರು ಬರೆದ "ದೀರ್ಘ"ದ ಬಾಲ ಅರಬ್ಬಿಗೆ ತಗುಲಿ, ಅದರ ಮೇಲೆ ಚೀನೀ ಅಕ್ಷರ ಇಳಿದು, ಕೊನೆಗೆ ಯಾರದು ಯಾವುದೆಂದು ಬರೆದವರಿಗೇ ಗೊತ್ತಾಗುತ್ತಿರಲಿಲ್ಲ. ಮಕ್ಕಳಿಗೆ ಮಾತ್ರ ಸ್ವರ್ಗ. ಆರು ತಿಂಗಳೊಳಗೆ ನಮ್ಮ ಹುಡುಗರು ಮೂರು ಭಾಷೆಯಲ್ಲಿ ಒಂದರಿಂದ ಹತ್ತು ಎಣಿಸುತ್ತ ಚಿನ್ನಿದಾಂಡು ಆಡತೊಡಗಿದರು. ಮೂರರಲ್ಲೂ ತಪ್ಪಾಗಿಯೇ ಎಣಿಸಿ ಮೋಸ ಮಾಡುತ್ತಿದ್ದರು ಎಂಬುದನ್ನು ಗಣಿತದ ಮೇಷ್ಟ್ರಾಗಿ ದಾಖಲಿಸುತ್ತೇನೆ.

ವರ್ಷ ಮುಗಿಯಿತು. ಫರೀದ್ ಮೇಷ್ಟ್ರು ಮುಂಬಯಿಯಲ್ಲಿ ಹಡಗು ಹತ್ತಬೇಕಿತ್ತು. ಹರಿಹರದಲ್ಲಿ ಎಂಜಿನ್ ನೀರು ಕುಡಿಯುವಷ್ಟರಲ್ಲಿ ಅತಿಥಿಯೂ ಕುಡಿದು ಬರಬಹುದೆಂದು ಮಾವ ಲೆಕ್ಕ ಹಾಕಿದ್ದರು. ಜಟಕಾ ಹೊಳೆಗೆ ಓಡಿತು. ಫರೀದ್ ಮೇಷ್ಟ್ರು ಬೊಗಸೆಯಲ್ಲಿ ನೀರೆತ್ತಿದರು. ಅಷ್ಟರಲ್ಲಿ ಅವರ ಎರಡು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ, ಅತ್ತೆ ಕಟ್ಟಿಕೊಟ್ಟ ಬುತ್ತಿ, ಎಲ್ಲವನ್ನೂ ಹೊತ್ತ ರೈಲು ಅವರ ಕಣ್ಣೆದುರೇ ಸೇತುವೆಯ ಮೇಲೆ ಕೂಗುತ್ತ ಹೋಯಿತು. ಮಾವ ಅಭ್ಯಾಸಬಲದಿಂದ ಅದಕ್ಕೇ ವಲ್ಲಿ ಬೀಸಿದರು! ಫರೀದ್ ಮೇಷ್ಟ್ರು ಮತ್ತೆ ಮೂರು ದಿನ ನಮ್ಮಲ್ಲಿದ್ದರು. ಎರಡನೆಯ ಸಲ ಹೊರಟಾಗ ಪೆಟ್ಟಿಗೆಗಳಿರಲಿಲ್ಲ. ಸುಖವಾಗಿ ದಾಟಿದರು.

ವಾಂಗ್ ಮೇಷ್ಟ್ರು ಮಾತ್ರ ಹೋಗಲಿಲ್ಲ. ಕಲ್ಕತ್ತೆಗೆ ಹೋದ ನಮ್ಮ ಡ್ರಿಲ್ ಮಾಸ್ತರರು ಅಲ್ಲಿನ ಮಕ್ಕಳಿಗೆ ಕಬಡ್ಡಿಯ ಹುಚ್ಚು ಹಿಡಿಸಿ, ತಾವು ಬರುವುದಿಲ್ಲವೆಂದು ಕಾಗದ ಬರೆದರು. ಅವರು ಬರದೆ ಇವರು ಹೋಗುವಂತಿಲ್ಲ. ಹೀಗೇ ಮೂರನೆಯ ವರ್ಷಕ್ಕೆ ಬಿತ್ತು. ವಾಂಗ್ ಮೇಷ್ಟ್ರು ಕನ್ನಡ ಕಲಿತರು. ಕನ್ನಡವೆಂದರೆ ದಾವಣಗೆರೆಯ ಕನ್ನಡ. ಅತ್ತೆಯನ್ನು "ಅಕ್ಕಾರೆ" ಎಂದು ಕರೆದು, ಖಾರ ಸಾಲದೆಂದು ಜಗಳವಾಡುವಷ್ಟು ಕಲಿತರು.

ಆಮೇಲೆ ಯುದ್ಧ ಬಂತು.

ಮೊದಲ ವಾರ ಮಂಡಕ್ಕಿ ಅಂಗಡಿಯಲ್ಲಿ ಅವರ ಪಕ್ಕದ ಬೆಂಚು ಖಾಲಿ ಉಳಿಯಿತು. ಎರಡನೆಯ ವಾರ ಮನೆಯ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಬರೆದು ಹೋದರು. ಏನು ಬರೆದಿದ್ದರೆಂದು ನನಗೆ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಯುದ್ಧ ನಿಂತಿತು. ಊರಿನ ಸಿಟ್ಟು ನಿಲ್ಲಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ರೊಟ್ಟಿ ಬಡಿಯುವ ಹೊತ್ತಿಗೆ, ಪೊಲೀಸ್ ದಫೇದಾರ ಬಸಪ್ಪ ಎಂಬವರು ಮನೆಗೆ ಬಂದರು. ಚೀನೀಯರನ್ನೆಲ್ಲ ಉತ್ತರದಲ್ಲಿ ಎಲ್ಲೋ ಒಂದು ಶಿಬಿರಕ್ಕೆ ಸೇರಿಸುವ ಹುಕುಂ ಬಂದಿದೆ, ಮರುದಿನದ ರೈಲಿಗೆ ತಾವೇ ಕರೆದೊಯ್ಯಬೇಕು ಎಂದರು. ಹೇಳಿ ತಲೆ ತಗ್ಗಿಸಿ ನಿಂತರು. ಅವರ ಮಗಳು ನಮ್ಮ ಶಾಲೆಯಲ್ಲೇ ಓದುತ್ತಿದ್ದಳು.

ಅತ್ತೆ ಒಳಗಿನಿಂದಲೇ, "ಕೂಡ್ರಿ. ರೊಟ್ಟಿ ಬಿಸಿ ಐತೆ. ಹಿಡ್ಕೊಂಡು ಹೋಗೋಕೂ ಶಕ್ತಿ ಬೇಕಲ್ಲ," ಎಂದರು. ದಫೇದಾರರು ಕೂತು ಮೂರು ರೊಟ್ಟಿ ತಿಂದರು. ವಾಂಗ್ ಮೇಷ್ಟ್ರು ಅವರ ಪಕ್ಕದಲ್ಲೇ ಕೂತು ಅರ್ಧ ತಿಂದರು.

ಮಾವ ಮಾತಾಡಿದ್ದು ಆಮೇಲೆ. "ದಫೇದಾರ್ರೇ, ನಾಳೆ ರೈಲಿಗೆ ನಾನೂ ಬರ್ತೀನಿ, ಹರಿಹರದ ತನಕ."

"ಅದು ಹೆಂಗಾಗ್ತದ್ರೀ? ನಾನು ಸರ್ಕಾರಿ ಕೆಲಸದ ಮ್ಯಾಲೆ ಇವರನ್ನ ಹಿಡ್ಕೊಂಡು ಹೋಗೋನು."

"ನೀವು ಹಿಡ್ಕೊಂಡು ಹೋಗ್ರಿ. ನಾನು ಕಳಿಸಿಕೊಡ್ತೀನಿ. ಎರಡೂ ಬ್ಯಾರೆ ಬ್ಯಾರೆ. ಅಲ್ದೆ ನೀವೂ ನಮ್ಮ ಮನ್ಯಾಗೆ ರೊಟ್ಟಿ ತಿಂದೀರಿ. ನಿಮ್ಮನ್ನೂ ಕಳಿಸಿಕೊಡಬೇಕಲ್ಲ?"

ದಫೇದಾರರು ಕೈ ತೊಳೆಯುತ್ತಿದ್ದರು. "ಬಂದ್ರೆ ಬರ್ರಿ. ಆದ್ರೆ ಹರಿಹರದಾಗೆ ಅವರು ಇಳಿಯಂಗಿಲ್ಲ, ಹೊಳಿ ಗಿಳಿ ಏನೂ ಇಲ್ಲ," ಎಂದರು. ಮಾವನ ಕೀರ್ತಿ ಠಾಣೆಯವರೆಗೂ ಮುಟ್ಟಿತ್ತು!

ಅಂದು ಮಧ್ಯಾಹ್ನ ಆಡಳಿತ ಮಂಡಳಿಯ ಅಧ್ಯಕ್ಷರು ಬಂದರು. ಬೂಟು ಬಿಚ್ಚಲಿಲ್ಲ, ಕೂಡಲಿಲ್ಲ. "ಹೆಡ್ಮಾಸ್ಟ್ರೇ, ನಾಳೆ ನೀವು ಆ ಚೀನಾದವನ ಜೊತೆ ರೈಲು ಹತ್ತಿದ್ರೆ, ನಾಡಿದ್ದು ಶಾಲೆಗೆ ಬರೋ ತ್ರಾಸು ತಗಾಬ್ಯಾಡ್ರಿ," ಎಂದರು. ಆಮೇಲೆ ನನ್ನ ಕಡೆ ನೋಡಿದರು. "ನೀನೂ ಅಷ್ಟೇನಪ್ಪ. ನಿಂದು ಇನ್ನೂ ಕಾಯಂ ಆಗಿಲ್ಲ."

ಮಾವ ಅವರನ್ನು ಗೇಟಿನವರೆಗೆ ಮಾತ್ರ ಬೀಳ್ಕೊಟ್ಟರು. ನನಗೆ ಗೊತ್ತಿರುವಂತೆ ಜೀವಮಾನದಲ್ಲಿ ಅದೊಂದೇ ಸಲ.

ಒಳಗೆ ಬಂದವರು ತಂಬಿಗೆಯನ್ನು ನನ್ನ ಕೈಗಿತ್ತರು. "ಅತಿಥಿ ಹೊಳಿಗೆ ಹೋಗಂಗಿಲ್ಲ ಅಂದ್ರೆ ಹೊಳೀನ ಅತಿಥಿ ಹತ್ರ ತರಬೇಕು. ನಾಳೆ ಮೊದಲ ಬಸ್ಸಿಗೆ ಹೋಗು. ನೀರು ತಗಂಡು ಸ್ಟೇಷನ್ನಿನಾಗೆ ನಿಂತಿರು. ರೈಲು ಬಂದಾಗ ಕಿಟಕಿ ಹತ್ರ ಬಂದು ಹುಯ್ಯಿ. ಇಷ್ಟೇ ನಿನ್ನ ಕೆಲಸ."

ಹೀಗೆ ನಾನು ನಲ್ಲಿಗೂ ಎರಡನೆಯ ಬೆಂಚಿಗೂ ನಡುವೆ ನಿಂತಿದ್ದೆ. ಒಬ್ಬನೇ ಅಲ್ಲ. ಯಾರೋ ಸುದ್ದಿ ಮುಟ್ಟಿಸಿದ್ದರು. ಸುಮಾರು ನಲವತ್ತು ಜನ ಕಪ್ಪು ಬಾವುಟ ಹಿಡಿದು ಬಂದಿದ್ದರು. ರೈಲು ಕಂಡದ್ದೇ ಘೋಷಣೆ ಶುರುವಾಯಿತು. ಗಾಡಿ ನಿಂತಾಗ ವಾಂಗ್ ಮೇಷ್ಟ್ರ ಕಿಟಕಿ ನನ್ನಿಂದ ಹನ್ನೊಂದು ಹೆಜ್ಜೆ ದೂರದಲ್ಲಿತ್ತು. ಇದು ಅಂದಾಜಲ್ಲ, ಆಮೇಲೆ ಹೋಗಿ ಅಳೆದಿದ್ದೇನೆ. ಅವರು ನನ್ನನ್ನು ನೋಡಿದರು. ಬಾಗಿಲಲ್ಲಿ ನಿಂತಿದ್ದ ಮಾವ ನನ್ನನ್ನು ನೋಡಿದರು. ನಾನು ಒಂದು ಹೆಜ್ಜೆಯನ್ನೂ ಇಡಲಿಲ್ಲ. ತಂಬಿಗೆಯನ್ನು ಬೆನ್ನ ಹಿಂದೆ ಹಿಡಿದಿದ್ದೆ.

ಆಗ ಮುಂದಿನ ಡಬ್ಬಿಯಿಂದ ಅತ್ತೆ ಇಳಿದರು. ಅವರು ಬರುತ್ತಾರೆಂದು ಮಾವನಿಗೂ ಗೊತ್ತಿರಲಿಲ್ಲ! ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸರೀರೋ, ಸರೀರಿ ಅತ್ಲಾಗೆ," ಎನ್ನುತ್ತ ಗುಂಪನ್ನು ಸೀಳಿಕೊಂಡು ನೆಟ್ಟಗೆ ನನ್ನ ಹತ್ತಿರ ಬಂದರು. ನನ್ನ ಬೆನ್ನ ಹಿಂದೆ ಕೈ ಹಾಕಿ ತಂಬಿಗೆ ತೆಗೆದುಕೊಂಡರು.

"ಕೈ ಸೋತಾವೇನೋ ತಮ್ಮಾ? ಕೊಡು ಇಲ್ಲಿ."

ಅಷ್ಟೇ ಅಂದದ್ದು.

ಕಿಟಕಿಯ ಬಳಿ ಬಾವುಟ ಎತ್ತಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವನು ನಮ್ಮದೇ ಹತ್ತನೆಯ ಇಯತ್ತೆಯ ರುದ್ರೇಶ. ಚಿನ್ನಿದಾಂಡಿನಲ್ಲಿ ಚೀನೀ ಲೆಕ್ಕ ತಪ್ಪಿಸುತ್ತಿದ್ದವರಲ್ಲಿ ಅಗ್ರಗಣ್ಯ. ವಾಂಗ್ ಮೇಷ್ಟ್ರು ಅವನನ್ನು ಒಂದು ಕ್ಷಣ ನೋಡಿದರು.

"ಯಾಕಲೇ ರುದ್ರೇಶ, ಇವತ್ತು ಸಾಲಿ ಇಲ್ಲೇನು?"

ಬಾವುಟ ತಾನಾಗೇ ಕೆಳಗಿಳಿಯಿತು. "ಐತ್ರೀ ಸಾ," ಎಂದ.

ಯಾರೋ ನಕ್ಕರು. ಹಿಂದಿನವರು ಇನ್ನೂ ಕೂಗುತ್ತಿದ್ದರು, ಮುಂದಿನವರು ನಿಲ್ಲಿಸಿದ್ದರು. ವಾಂಗ್ ಮೇಷ್ಟ್ರು ಕಿಟಕಿಯ ಸರಳುಗಳ ನಡುವೆ ಎರಡೂ ಕೈ ಚಾಚಿ ಬೊಗಸೆ ಮಾಡಿದರು. ದಫೇದಾರ ಬಸಪ್ಪನವರು ಆಚೆ ಕಡೆಯ ಕಿಟಕಿಯಿಂದ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅತ್ತೆ ನೀರು ಹುಯ್ದರು. ಸರಳು ಅಡ್ಡವಿದ್ದುದರಿಂದ ಬೊಗಸೆಯನ್ನು ಬಾಯಿಗೆ ತರಲಾಗಲಿಲ್ಲ. ಮುಖವನ್ನೇ ಸರಳಿಗೆ ಒತ್ತಿ ಬಾಗಿ ಕುಡಿದರು. ಕಿಸೆಯಲ್ಲಿ ಪೆನ್ನಿನ ಪಕ್ಕ ಬೇವಿನ ಕಡ್ಡಿಗಳಿದ್ದವು. ಎರಡೂ ಇದ್ದವು, ನಾನು ಎಣಿಸಿದೆ.

"ಬರ್ತೀನ್ರೀ ಅಕ್ಕಾರೆ," ಎಂದರು.

"ಬಾ. ಬರೋ ಮುಂದೆ ಕಾಗದ ಹಾಕು, ಎಣ್ಣೆಗಾಯಿ ಮಾಡಿರ್ತೀನಿ," ಎಂದರು ಅತ್ತೆ.

ಸೀಟಿ ಊದಿತು. ಇನ್ನು ಮಾವ ಇಳಿಯಬೇಕು. ಅವರು ಹೆಗಲಿನಿಂದ ವಲ್ಲಿ ತೆಗೆದು ಅತ್ತೆಯ ಕಡೆ ಎಸೆದರು. "ಇವತ್ತು ನೀನು ಬೀಸು," ಎಂದರು. ಇಳಿಯಲಿಲ್ಲ. ಗಾಡಿ ಹೊರಟಿತು. ಎಷ್ಟೋ ಜನರನ್ನು ಹೊಳೆ ದಾಟಿಸಿ, ತಾವು ಮಾತ್ರ ಈ ದಂಡೆಯಲ್ಲೇ ಉಳಿಯುತ್ತಿದ್ದ ಮಾವ, ಅಂದು ಬಾಗಿಲ ಕಂಬಿ ಹಿಡಿದು ನಿಂತೇ ಸೇತುವೆ ದಾಟಿದರು. ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ಅತ್ತೆ ವಲ್ಲಿ ಬೀಸುತ್ತಲೇ ಇದ್ದರು. ಕೊನೆಯ ಡಬ್ಬಿ ಕಣ್ಮರೆಯಾದ ಮೇಲೂ ಬೀಸುತ್ತಿದ್ದರು.

ಮಾವ ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ನಡೆದೇ ತಿರುಗಿ ಬಂದರು. ಅತ್ತೆ ಮತ್ತು ನಾನು ರಸ್ತೆ ಸೇತುವೆಯ ಈಚೆ ತುದಿಯಲ್ಲಿ, ಕಟ್ಟೆಯ ಮೇಲೆ ಕೂತು ಕಾದೆವು. ಮೂರು ಗಂಟೆಯ ಬಿಸಿಲಲ್ಲಿ ಸೇತುವೆಯ ಆಚೆ ತುದಿಯಲ್ಲಿ ಅವರು ಕಾಣಿಸಿಕೊಂಡರು. ಒಬ್ಬರೇ, ಬರಿಯ ಹೆಗಲು, ಬೆವರು ಒರೆಸಿಕೊಳ್ಳಲು ವಲ್ಲಿಯೂ ಇಲ್ಲ. ಹತ್ತಿರ ಬಂದಾಗ ಅತ್ತೆ ಎದ್ದು ನಿಂತರು. ವಲ್ಲಿಯನ್ನು ಮಾವನ ಕೈಗಿತ್ತು ಅಂದರು:

"ಬರ್ರಿ ಬರ್ರಿ. ಯಾವಾಗ ಬಂದ್ರಿ? ಊಟ ಮಾಡ್ಕೊಂಡು ಹೋಗೋರಂತೆ."

ಮಾವ ಸೇತುವೆಯ ಕಡೆಗೆ ತಿರುಗಿ ನೋಡಿದರು.

"ತಡೀ. ಹಿಂದೆ ಇನ್ನೊಬ್ರು ಬರೋರದಾರೆ," ಎಂದರು.

ನಾವು ಅಲ್ಲಿ ಮುಕ್ಕಾಲು ಗಂಟೆ ಕೂತಿದ್ದೆವು.

ಮಂಗಳವಾರದಿಂದ ಮಾವ ಹೆಡ್ಮಾಸ್ಟರಾಗಿರಲಿಲ್ಲ. ನಾನು ಕಾಯಂ ಆದೆ. ವಾಂಗ್ ಮೇಷ್ಟ್ರ ಒಂದು ಕಾರ್ಡು ಬಂತು, ಆಮೇಲೆ ಬರಲಿಲ್ಲ. ಮಾವ ಇರುವವರೆಗೂ "ಬರ್ತೀನಿ ಅಂದಾರೆ, ಬರ್ತಾರೆ," ಎನ್ನುತ್ತಿದ್ದರು. ಈಗ ಮಾವನೂ ಇಲ್ಲ.

ಅಂದು ಆ ಪ್ಲಾಟ್‌ಫಾರಮ್ಮಿನಲ್ಲಿ ನಡೆದದ್ದನ್ನು ಕಂಡವರಲ್ಲಿ, ನನಗೆ ಗೊತ್ತಿರುವಂತೆ, ನನ್ನನ್ನು ಬಿಟ್ಟರೆ ಮೂವರು ಬದುಕಿದ್ದಾರೆ. ದಫೇದಾರ ಬಸಪ್ಪನವರು ಹರಿಹರದಲ್ಲೇ ಇದ್ದಾರೆ. ಕೇಳಿದರೆ, ತಾವು ಹೊಲ ನೋಡುತ್ತಿದ್ದುದರಿಂದ ಏನೂ ಕಾಣಲಿಲ್ಲ ಎನ್ನುತ್ತಾರೆ. ರುದ್ರೇಶ ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಮೂರನೆಯವರು ನಮ್ಮ ಅತ್ತೆ. ಅವರಿಗೀಗ ಎಂಬತ್ತಾರು, ತಂಬಿಗೆ ಅವರ ಹತ್ತಿರವೇ ಇದೆ. ನಾನು ಅದನ್ನು ಎಲ್ಲಿ ಹಿಡಿದು ನಿಂತಿದ್ದೆ ಎಂಬುದನ್ನು ಅವರು ಇಂದಿನವರೆಗೂ ಯಾರಿಗೂ ಹೇಳಿಲ್ಲ. ಆದ್ದರಿಂದ ನಾನೇ ಹೇಳಿದ್ದೇನೆ.